ಗಿಡಕ್ಕೆ ಹೆಸರುಂಟು, ಬರೆದವನಿಗೆ ಹೆಸರಿಲ್ಲ

ಸಸ್ಯವೊಂದರ ಬೇರು, ಕಾಂಡ, ಎಲೆ, ಹೂವು, ಕಾಯಿ ಹಾಗೂ ಬೀಜಗಳನ್ನು ಅವುಗಳ ನಿಜವಾದ ಅಳತೆ, ಆಕಾರ, ಬಣ್ಣಗಳಿಗೆ ಅನುಗುಣವಾಗಿ ಚಿತ್ರಿಸುವ ಕಲೆಗೆ ಸಸ್ಯಚಿತ್ರಣವೆಂದು ಹೆಸರು. ಚಿತ್ರವನ್ನು ನೋಡಿದವರು ಆ ಗಿಡವನ್ನು ಕಾಡಿನಲ್ಲಿ ಗುರುತಿಸಬಲ್ಲವರಾಗಬೇಕು ಎಂಬುದೇ ಇದರ ಗುರಿ. ಗೋಡೆಗೆ ತೂಗುಹಾಕುವ ಹೂಗುಚ್ಛದ ಚಿತ್ರದಲ್ಲಿ ಕಲಾವಿದನ ಕಲ್ಪನೆಗೆ ಅವಕಾಶವಿರುತ್ತದೆ. ಸಸ್ಯಚಿತ್ರದಲ್ಲಿಯಾದರೋ, ಐದು ದಳಗಳ ಹೂವಿಗೆ ಆರನೆಯ ದಳ ಸೇರಿದರೆ ಚಿತ್ರವೇ ಸುಳ್ಳಾಗುತ್ತದೆ. ವಿಜ್ಞಾನ ಮತ್ತು ಕಲೆ ಎರಡಕ್ಕೂ ಸೇರಿದ ಈ ವಿದ್ಯೆಯ ಇತಿಹಾಸದಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ.

ಛಾಯಾಚಿತ್ರವಿರುವಾಗ ಇದೇಕೆ?

ಮೊಬೈಲ್‌ ಕ್ಯಾಮೆರಾ ಎಲ್ಲರ ಕೈಯಲ್ಲಿರುವಾಗ ಪೆನ್ಸಿಲ್‌ ಹಿಡಿದು ಗಿಡ ಬರೆಯುವುದೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಮುತ್ತುಗದ ಮರವೇ ಉತ್ತರ ಹೇಳುತ್ತದೆ. ಫೆಬ್ರುವರಿ–ಮಾರ್ಚ್‌ ವೇಳೆಗೆ ಮುತ್ತುಗ ಕೆಂಪುಕಿತ್ತಳೆ ಬಣ್ಣದ ಹೂ ತಳೆದಾಗ ಕೊಂಬೆಗಳು ಬಹುಪಾಲು ಬೋಳಾಗಿರುತ್ತವೆ. ಮೂರು ಕಿರುಎಲೆಗಳುಳ್ಳ ಹೊಸ ಎಲೆ ಬರುವುದು ಹೂವಿನ ಸಂಭ್ರಮ ಮುಗಿದ ಮೇಲೆ. ತುದಿಯಲ್ಲಿ ಒಂದೇ ಬೀಜವಿರುವ ಚಪ್ಪಟೆ ಕಾಯಿ ಬಲಿಯಲು ಇನ್ನಷ್ಟು ಕಾಲ ಬೇಕು. ಈ ಮೂರನ್ನೂ ಒಂದೇ ಛಾಯಾಚಿತ್ರದಲ್ಲಿ ಸೆರೆಹಿಡಿಯುವುದು ಕಷ್ಟ. ಚಿತ್ರಕಾರನು ಒಂದೇ ಮರದ ಬಳಿಗೆ ತಿಂಗಳುಗಟ್ಟಲೆ ಮತ್ತೆ ಮತ್ತೆ ಹೋಗಿ ಹೂವು, ಎಲೆ, ಕಾಯಿಗಳನ್ನು ಒಂದೇ ಹಾಳೆಗೆ ತರಬಲ್ಲನು.

ಇನ್ನೊಂದು ಕಾರಣವೂ ಉಂಟು. ಕ್ಯಾಮೆರಾ ತೋರಿಸುವುದು ಎದುರಿಗಿರುವ ಒಂದು ಗಿಡವನ್ನು. ಆ ಗಿಡದ ಎಲೆಯನ್ನು ಹುಳು ತಿಂದಿದ್ದರೆ ಅದನ್ನೂ ತೋರಿಸುತ್ತದೆ. ಚಿತ್ರಕಾರನು ಹಲವು ಗಿಡಗಳನ್ನು ಹೋಲಿಸಿ, ಯಾವುದು ಆ ಪ್ರಭೇದದ ಲಕ್ಷಣ, ಯಾವುದು ಆಕಸ್ಮಿಕ ಎಂದು ನಿರ್ಣಯಿಸಿ ಬರೆಯುತ್ತಾನೆ. ಇನ್ನು ಒಣಗಿಸಿ ಕಾಗದಕ್ಕೆ ಅಂಟಿಸಿದ ಹರ್ಬೇರಿಯಂ ಮಾದರಿಯು ನೂರಾರು ವರ್ಷ ಬಾಳುವುದಾದರೂ ಅದರ ಬಣ್ಣ ಮಾಸುತ್ತದೆ, ದುಂಡಗಿನ ಭಾಗ ಚಪ್ಪಟೆಯಾಗುತ್ತದೆ. ಆ ಕೊರತೆಯನ್ನು ತುಂಬುವುದು ಚಿತ್ರವೇ.

ಮಲಬಾರಿನ ಮಹಾಗ್ರಂಥ

ದಕ್ಷಿಣ ಭಾರತದ ಸಸ್ಯಗಳ ಮೊದಲ ಬೃಹತ್‌ ಸಚಿತ್ರ ಗ್ರಂಥವೆಂದರೆ ‘ಹೋರ್ಟಸ್‌ ಮಲಬಾರಿಕಸ್‌’. ಕೊಚ್ಚಿಯಲ್ಲಿ ಡಚ್ಚರ ಆಡಳಿತಾಧಿಕಾರಿಯಾಗಿದ್ದ ಹೆಂಡ್ರಿಕ್‌ ವಾನ್‌ ರೀಡ್‌ ಸಿದ್ಧಪಡಿಸಿದ ಈ ಗ್ರಂಥವು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ರಕಟವಾಯಿತು. ಗಿಡಗಳ ಗುಣಧರ್ಮವನ್ನು ತಿಳಿಸಿದವರು ನಾಟಿ ವೈದ್ಯ ಇಟ್ಟಿ ಅಚ್ಯುತನ್‌ ಹಾಗೂ ಕೊಂಕಣಿ ಮಾತೃಭಾಷೆಯ ರಂಗ ಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪು ಭಟ್ಟ. ಈ ಮೂವರು 1675ರಲ್ಲಿ ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಕೊಂಕಣಿ ದೃಢೀಕರಣ ಪತ್ರವು ಗ್ರಂಥದ ಮೊದಲ ಸಂಪುಟದಲ್ಲಿಯೇ ಅಚ್ಚಾಗಿದೆ.

ಆಧುನಿಕ ಸಸ್ಯನಾಮಕರಣಕ್ಕೆ ತಳಹದಿ ಹಾಕಿದ ಸ್ವೀಡನ್ನಿನ ಲಿನ್ನೇಯಸ್‌, 1753ರ ತಮ್ಮ ‘ಸ್ಪೀಷೀಸ್‌ ಪ್ಲಾಂಟೇರಂ’ ಗ್ರಂಥದಲ್ಲಿ ಹಲವು ಮಲಬಾರ್‌ ಸಸ್ಯಗಳಿಗೆ ಈ ಚಿತ್ರಗಳನ್ನು ಆಧಾರವಾಗಿ ಬಳಸಿಕೊಂಡರು. ಅಂತಹ ಕೆಲವು ಹೆಸರುಗಳಿಗೆ ಇಂದಿಗೂ ರೀಡ್‌ ಗ್ರಂಥದ ಚಿತ್ರಗಳೇ ಪ್ರಮಾಣ ಮಾದರಿಗಳಾಗಿವೆ. ಅಂದರೆ ಆ ಹೆಸರು ಯಾವ ಗಿಡಕ್ಕೆ ಸಲ್ಲಬೇಕೆಂಬ ವಿವಾದ ಹುಟ್ಟಿದರೆ ವಿಜ್ಞಾನಿಗಳು ನೋಡಬೇಕಾದುದು ಆ ಚಿತ್ರವನ್ನೇ!

ಶಿವಮೊಗ್ಗದ ಅನಾಮಿಕ

ಆಂಗ್ಲರ ಆಳ್ವಿಕೆಯಲ್ಲಿ ಈ ಕಾರ್ಯ ಮತ್ತಷ್ಟು ಬೆಳೆಯಿತು. ಮದರಾಸಿನಲ್ಲಿ ಜನಿಸಿದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್‌ 1840ರ ದಶಕದಲ್ಲಿ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ಸೇವೆಯಲ್ಲಿದ್ದರು. ದಿನಕ್ಕೊಂದು ಸಸ್ಯವನ್ನು ಗಮನವಿಟ್ಟು ಅಭ್ಯಸಿಸುವ ವ್ರತವನ್ನು ಕೈಗೊಂಡ ಅವರು, ಅವುಗಳನ್ನು ಬರೆಯಲು ಮರಾಠಿ ಚಿತ್ರಕಾರರೊಬ್ಬರನ್ನು ನೇಮಿಸಿಕೊಂಡರು. ಮಲೆನಾಡಿನ ಅಂಚಿನ ಗಿಡಗಂಟಿಗಳು ಹೀಗೆ ಒಂದೊಂದಾಗಿ ಕಾಗದಕ್ಕಿಳಿದವು. 1856ರಲ್ಲಿ ಕ್ಲೆಗ್‌ಹಾರ್ನ್‌ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಭಾರತದ ಅರಣ್ಯ ಇಲಾಖೆಯ ಇತಿಹಾಸದಲ್ಲಿ ಅವರ ಹೆಸರು ಸ್ಥಿರವಾಗಿ ನಿಂತಿದೆ. ಶಿವಮೊಗ್ಗದ ಚಿತ್ರಗಳು ಸ್ಕಾಟ್ಲೆಂಡಿನ ಎಡಿನ್‌ಬರೋದ ರಾಯಲ್‌ ಬೊಟಾನಿಕ್‌ ಗಾರ್ಡನ್‌ನಲ್ಲಿ ಸುರಕ್ಷಿತವಾಗಿವೆ. ಆದರೆ ಅವುಗಳನ್ನು ಬರೆದ ಆ ಮರಾಠಿ ಚಿತ್ರಕಾರನ ಹೆಸರು ಮಾತ್ರ ದಾಖಲಾಗಿಲ್ಲ.

ಹೆಸರು ಉಳಿಸುವುದು ಆ ಕಾಲದಲ್ಲಿ ಅಸಾಧ್ಯವಾಗಿತ್ತು ಎನ್ನುವಂತಿಲ್ಲ. ಕ್ಲೆಗ್‌ಹಾರ್ನ್‌ ಸಮಕಾಲೀನರಾದ ರಾಬರ್ಟ್‌ ವೈಟ್‌ 1838ರಿಂದ 1853ರವರೆಗೆ ಪ್ರಕಟಿಸಿದ ‘ಐಕೋನ್ಸ್‌ ಪ್ಲಾಂಟೇರಂ ಇಂಡಿಯೇ ಓರಿಯಂಟಾಲಿಸ್‌’ ಗ್ರಂಥದಲ್ಲಿ ಎರಡು ಸಾವಿರಕ್ಕೂ ಅಧಿಕ ಚಿತ್ರಫಲಕಗಳಿವೆ. ಅವರಿಗಾಗಿ ದುಡಿದ ರಂಗಯ್ಯ ಮತ್ತು ಗೋವಿಂದು ಎಂಬ ದೇಶೀಯ ಕಲಾವಿದರನ್ನು ವೈಟ್‌ ಮರೆಯಲಿಲ್ಲ. ಆರ್ಕಿಡ್‌ ಕುಲವೊಂದಕ್ಕೆ ‘ಗೋವಿಂದೂಯಿಯ’ ಎಂದೇ ಅವರು ನಾಮಕರಣ ಮಾಡಿದರು. ಮುಂದೆ ವಿಜ್ಞಾನಿಗಳು ಆ ಕುಲವನ್ನು ‘ಟ್ರೊಪಿಡಿಯ’ದಲ್ಲಿ ವಿಲೀನಗೊಳಿಸಿದರಾದರೂ ಚಿತ್ರಕಾರನ ಹೆಸರು ಸಸ್ಯಶಾಸ್ತ್ರದ ಕಡತದಲ್ಲಿ ಉಳಿಯಿತು. ಬೆಂಗಳೂರಿನ ಲಾಲ್‌ಬಾಗ್‌ನ ಸಸ್ಯಗಳನ್ನು ಚಿತ್ರಿಸಿದ ಚೆಲುವಯ್ಯ ರಾಜು ಅವರನ್ನು ಇಂದು ಸ್ಮರಿಸಲು ಸಾಧ್ಯವಾಗಿರುವುದೂ ಹೆಸರು ಉಳಿದುದರಿಂದಲೇ.

ಬರೆಯುವ ಕ್ರಮ

ಸಸ್ಯಚಿತ್ರಣವನ್ನು ಆರಂಭಿಸಲು ಹೆಚ್ಚಿನ ಸಲಕರಣೆ ಬೇಕಿಲ್ಲ. ನುಣುಪಾದ ದಪ್ಪ ಬಿಳಿ ಕಾಗದ, ಗಟ್ಟಿ ಸೀಸದ ಪೆನ್ಸಿಲ್‌, ಅಳತೆಪಟ್ಟಿ, ಕೈವಾರ ಹಾಗೂ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಸಾಕು. ಅನುಸರಿಸಬೇಕಾದ ಕ್ರಮ ಹೀಗಿದೆ:

* ಮೊದಲು ಗಿಡವನ್ನು ಬರೆಯದೆ ಕೇವಲ ನೋಡಬೇಕು. ಎಲೆಗಳು ಕಾಂಡದ ಮೇಲೆ ಎದುರುಬದುರಾಗಿವೆಯೋ ಒಂದರ ನಂತರ ಒಂದರಂತಿವೆಯೋ, ಅಂಚು ನಯವೋ ಗರಗಸದಂತಿದೆಯೋ ಎಂಬುದನ್ನು ಗುರುತು ಹಾಕಿಕೊಳ್ಳಬೇಕು.
* ಹೂವನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕು. ಬೇಗ ಬಾಡುವುದು ಅದೇ. ಎಲೆ, ಕಾಂಡಗಳು ಕೆಲಕಾಲ ಕಾಯಬಲ್ಲವು.
* ಕೈವಾರದಿಂದ ಅಳೆದು, ಸಾಧ್ಯವಾದಷ್ಟೂ ನಿಜಗಾತ್ರದಲ್ಲಿಯೇ ಬರೆಯಬೇಕು. ಹಿಗ್ಗಿಸಿ ಅಥವಾ ಕುಗ್ಗಿಸಿ ಬರೆದರೆ ಪಕ್ಕದಲ್ಲಿ ಅಳತೆಗೆರೆ ಹಾಕಬೇಕು.
* ಒಂದು ಹೂವನ್ನು ಸೀಳಿ ಪುಷ್ಪಪತ್ರ, ದಳ, ಕೇಸರ, ಶಲಾಕೆಗಳನ್ನು ಪ್ರತ್ಯೇಕವಾಗಿ ಬರೆಯಬೇಕು. ಮುತ್ತುಗದ ಹೂವಿನಲ್ಲಿ ಹತ್ತು ಕೇಸರಗಳಿದ್ದು, ಒಂಬತ್ತು ಕೂಡಿಕೊಂಡು ಒಂದು ಬೇರೆಯಾಗಿರುವುದು ಆಗಲೇ ಕಣ್ಣಿಗೆ ಬೀಳುತ್ತದೆ.
* ಎಲೆಯ ಮೇಲ್ಭಾಗದಂತೆ ಕೆಳಭಾಗವನ್ನೂ ತೋರಿಸಬೇಕು. ನರಗಳ ವಿನ್ಯಾಸ, ರೋಮಗಳು ಅನೇಕ ವೇಳೆ ಅಲ್ಲಿಯೇ ಸ್ಪಷ್ಟ.
* ಬೆಳಕು ಎಡ ಮೇಲ್ಗಡೆಯಿಂದ ಬೀಳುತ್ತಿದೆಯೆಂದು ಭಾವಿಸಿ ನೆರಳು ಕೊಡುವುದು ರೂಢಿ. ವೈಜ್ಞಾನಿಕ ಪತ್ರಿಕೆಗಳಿಗಾದರೆ ಕಪ್ಪು ಶಾಯಿಯ ಗೆರೆ ಮತ್ತು ಚುಕ್ಕಿಗಳಲ್ಲಿಯೂ, ವರ್ಣಚಿತ್ರವಾದರೆ ಜಲವರ್ಣದಲ್ಲಿಯೂ ಮುಗಿಸುತ್ತಾರೆ.

ಅಪರೂಪದ ಗಿಡಗಳನ್ನು ಬರೆಯುವ ನೆಪದಲ್ಲಿ ಕಿತ್ತು ತರಬಾರದು. ಇದ್ದಲ್ಲಿಯೇ ಕುಳಿತು ಬರೆಯುವುದು ಲೇಸು. ಸಂರಕ್ಷಿತ ಅರಣ್ಯದೊಳಗೆ ಪ್ರವೇಶಿಸಲು ಅನುಮತಿ ಅಗತ್ಯ.

ಇಂದಿನ ಪರಿಸ್ಥಿತಿ

ಹೊಸ ಪ್ರಭೇದಕ್ಕೆ ಹೆಸರಿಡುವಾಗ ಪ್ರಮಾಣ ಮಾದರಿಯಾಗಿ ಚಿತ್ರ ಮಾತ್ರವಿದ್ದರೆ ಸಾಲದು. 2007ರ ಜನವರಿ 1ರಿಂದ ಕೆಲವು ಸೂಕ್ಷ್ಮಜೀವಿಗಳಂತಹ ಅಪವಾದಗಳನ್ನು ಹೊರತುಪಡಿಸಿ ಸಂರಕ್ಷಿಸಿಟ್ಟ ಮಾದರಿಯೇ ಕಡ್ಡಾಯ. ಹಾಗೆಂದು ಚಿತ್ರದ ಬೆಲೆ ಕುಗ್ಗಿಲ್ಲ. ಹೊಸ ಪ್ರಭೇದಗಳ ವಿವರಣೆಯೊಂದಿಗೆ ರೇಖಾಚಿತ್ರಗಳು ಇಂದಿಗೂ ಪ್ರಕಟವಾಗುತ್ತಿವೆ. 1787ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಕರ್ಟಿಸ್‌ ಬೊಟಾನಿಕಲ್‌ ಮ್ಯಾಗಜಿನ್‌’ ವರ್ಣಚಿತ್ರಗಳೊಂದಿಗೆ ಈಗಲೂ ಹೊರಬರುತ್ತಿದೆ. ಬೆಂಗಳೂರಿನ ನಿರುಪಾ ರಾವ್‌ ಪಶ್ಚಿಮ ಘಟ್ಟಗಳ ಹೆಮ್ಮರಗಳನ್ನು ಚಿತ್ರಿಸಿದ ‘ಪಿಲ್ಲರ್ಸ್‌ ಆಫ್‌ ಲೈಫ್‌’ ಪುಸ್ತಕವು 2018ರಲ್ಲಿ ಪ್ರಕಟವಾಗಿದೆ.

ಆಸಕ್ತರು ಅಂಗಳದ ತುಂಬೆ ಗಿಡದಿಂದಲೇ ಅಭ್ಯಾಸ ಆರಂಭಿಸಬಹುದು. ಚಿತ್ರ ಪೂರ್ಣಗೊಂಡ ಮೇಲೆ ಹಾಳೆಯ ಕೆಳಗೆ ಗಿಡದ ಹೆಸರು, ದೊರೆತ ಸ್ಥಳ, ದಿನಾಂಕ ಹಾಗೂ ಬರೆದವರ ಹೆಸರನ್ನು ತಪ್ಪದೆ ನಮೂದಿಸಬೇಕು. ಮೊದಲ ಮೂರಿಲ್ಲದಿದ್ದರೆ ಚಿತ್ರವು ವಿಜ್ಞಾನಕ್ಕೆ ಒದಗದು. ನಾಲ್ಕನೆಯದಿಲ್ಲದಿದ್ದರೆ ಏನಾಗುವುದೆಂಬುದನ್ನು ಶಿವಮೊಗ್ಗದಲ್ಲಿ ದಿನಕ್ಕೊಂದು ಗಿಡ ಬರೆದ ಆ ಮರಾಠಿ ಚಿತ್ರಕಾರನ ಹಾಳೆಗಳು ಎಡಿನ್‌ಬರೋದಲ್ಲಿ ಇಂದಿಗೂ ಸಾರುತ್ತಿವೆ.