ಫಕ್ರ್ ಬೇರೆ, ಫಾಕಾ ಬೇರೆ

ಬಿಜಾಪುರದ ಆದಿಲ್‌ಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಖಾನ್ 1510ರಲ್ಲಿ ತೀರಿಕೊಂಡಾಗ ಅವರನ್ನು ದಫನ ಮಾಡಿದ್ದು ರಾಜಧಾನಿಯಲ್ಲಲ್ಲ, ಶಹಾಪುರ ಸೀಮೆಯ ಗೋಗಿ ಎಂಬ ಹಳ್ಳಿಯಲ್ಲಿ. ಅಲ್ಲಿ ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾ ಇದೆ. ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಕೂಡ ಅಲ್ಲಿಯೇ ಮಲಗಿದ್ದಾರೆ. ಕೋಟೆ, ಆನೆ, ಖಜಾನೆ ಎಲ್ಲ ಇದ್ದವರಿಗೆ ಕೊನೆಗೆ ಒಬ್ಬ ಫಕೀರರ ನೆರಳು ಬೇಕಾಯಿತು.

ಈ ಸೀಮೆಯ ಅಳತೆಗೋಲೇ ಹಾಗೆ. ಸುರಪುರದ ಕಡೆಯ ಮುದನೂರಿನ ದಾಸಿಮಯ್ಯ ಬಟ್ಟೆ ನೇಯ್ದು ಉಂಡ ಶರಣ. ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರನ ಬಳಿಗೆ ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಇಲ್ಲಿಯ ಜನ ಧರ್ಮದ ದಾರಿ ಹಿಡಿದವರನ್ನು 'ಏನು ಗಳಿಸಿದಿ' ಎಂದು ಕೇಳುವುದಿಲ್ಲ, 'ಏನು ಬಿಟ್ಟಿ' ಎಂದು ಕೇಳುತ್ತಾರೆ.

ಇದೇ ಪ್ರಶ್ನೆಯನ್ನು ಇಲ್ಲಿಗೆ ಬಂದ ಕ್ರೈಸ್ತ ಧರ್ಮಕ್ಕೂ ಕೇಳಿ ನೋಡಬಹುದು. ಅದು ಈ ಭಾಗಕ್ಕೆ ಹೊಸತೇನಲ್ಲ. ಕೃಷ್ಣೆಯ ಆಚೆ, ಮೊಹರಮ್ಮಿಗೆ ಹೆಸರಾದ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕಥೋಲಿಕ ಕ್ರೈಸ್ತರಿದ್ದಾರೆ. ಯಾದಗಿರಿಯ ಕಡೆಗೆ ನಿಜಾಮರ ಆಳ್ವಿಕೆಯಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನ್ ಬಂತು. ಚರ್ಚು, ಶಾಲೆ, ಆಸ್ಪತ್ರೆಗಳು ಅದರ ಜೊತೆಗೇ ಬಂದವು.

ಈ ಮೆಥೋಡಿಸ್ಟ್ ಪಂಥದ ಮೂಲಪುರುಷ ಇಂಗ್ಲೆಂಡಿನ ಜಾನ್ ವೆಸ್ಲಿ (1703-1791). ಆಕ್ಸ್‌ಫರ್ಡಿನ ಒಬ್ಬ ತರುಣನ ಲೆಕ್ಕವನ್ನು ಅವರು ಒಂದು ಪ್ರವಚನದಲ್ಲಿ ಹೇಳುತ್ತಾರೆ. ಅದು ಅವರದೇ ಲೆಕ್ಕವೆಂದು ಬಹಳಷ್ಟು ಜನ ತಿಳಿಯುತ್ತಾರೆ. ಮೊದಲ ವರ್ಷದ ಆದಾಯ 30 ಪೌಂಡು, ಖರ್ಚು 28, ಬಡವರಿಗೆ 2. ಮರುವರ್ಷ ಆದಾಯ 60 ಆಯಿತು. ಖರ್ಚು ಮಾತ್ರ ಅದೇ 28, ಬಡವರಿಗೆ 32. ನಾಲ್ಕನೆಯ ವರ್ಷ 120 ಪೌಂಡು ಬಂದಾಗಲೂ ತನಗೆ 28, ಬಡವರಿಗೆ 92. ಆದಾಯ ಹೆಚ್ಚಿದಂತೆ ನಮ್ಮ ಅಗತ್ಯಗಳೂ ಹೆಚ್ಚುತ್ತವೆ ಎಂದು ನಾವು ನಂಬಿರುತ್ತೇವೆ. ಈ ಲೆಕ್ಕ ಅದನ್ನು ಒಪ್ಪುವುದಿಲ್ಲ. 1776ರಲ್ಲಿ ಬೆಳ್ಳಿ ಪಾತ್ರೆಗಳ ತೆರಿಗೆಗಾಗಿ ಅಧಿಕಾರಿಗಳು ವಿಚಾರಿಸಿದಾಗ ವೆಸ್ಲಿ ತಮ್ಮ ಬಳಿ ಲಂಡನ್ನಿನಲ್ಲಿ ಎರಡು, ಬ್ರಿಸ್ಟಲ್ಲಿನಲ್ಲಿ ಎರಡು ಬೆಳ್ಳಿ ಚಮಚಗಳಿವೆಯೆಂದೂ, ಸುತ್ತಲಿನ ಜನರಿಗೆ ರೊಟ್ಟಿಯಿಲ್ಲದಿರುವಾಗ ಇನ್ನಷ್ಟು ಕೊಳ್ಳುವುದಿಲ್ಲವೆಂದೂ ಬರೆದು ಕಳಿಸಿದರು.

ಇದರಿಂದ ನಂಬಿಕೆಗೆ ಏನು ಸಿಗುತ್ತದೆ? ಈ ಹೊತ್ತಿನ ಅನ್ನವನ್ನು ಈ ಹೊತ್ತು ಕೊಡು ಎಂದು ಕ್ರೈಸ್ತರು ದಿನವೂ ಬೇಡುತ್ತಾರೆ. ಹಗೇವು ತುಂಬಿದವರ ಬಾಯಲ್ಲಿ ಅದು ಬಾಯಿಪಾಠ. ಉಳಿದದ್ದನ್ನು ಕೊಟ್ಟು ಬಂದವರ ಬಾಯಲ್ಲಿ ಅದೇ ಮಾತು ನಿಜವಾದ ಬೇಡಿಕೆ. ಅವರಿಗೆ ನೆಚ್ಚಿಕೊಳ್ಳಲು ದೇವರಲ್ಲದೆ ಬೇರೆ ಇಲ್ಲ. ಒಂಟೆ ಸೂಜಿಯ ಕಣ್ಣಿನಲ್ಲಿ ತೂರುವ ಉಪಮೆಯನ್ನು ಬೈಬಲ್ ಧನಿಕರ ಬಗ್ಗೆ ಹೇಳುತ್ತದೆ, ಕುರ್‌ಆನ್ ಸತ್ಯವನ್ನು ತಳ್ಳಿಹಾಕುವ ಅಹಂಕಾರಿಗಳ ಬಗ್ಗೆ ಹೇಳುತ್ತದೆ. ಧನಕ್ಕೂ ಅಹಂಕಾರಕ್ಕೂ ಇರುವ ನಂಟನ್ನು ನಾವೇ ಊಹಿಸಿಕೊಳ್ಳಬಹುದು.

ಕೈ ಖಾಲಿಯಿದ್ದವರಿಗೆ ಭಯವೂ ಕಡಿಮೆ. ಇಟಲಿಯ ಅಸ್ಸೀಸಿಯ ಫ್ರಾನ್ಸಿಸ್ ಶ್ರೀಮಂತ ಬಟ್ಟೆ ವ್ಯಾಪಾರಿಯ ಮಗ. ಮೈಮೇಲಿನ ಬಟ್ಟೆಯನ್ನೂ ತಂದೆಗೆ ಮರಳಿಸಿ ಹೊರಟವರು. ಶಿಲುಬೆ ಯುದ್ಧ ನಡೆಯುತ್ತಿದ್ದ 1219ರಲ್ಲಿ ಅವರು ಆಯುಧವಿಲ್ಲದೆ ಈಜಿಪ್ಟಿನ ಸುಲ್ತಾನ್ ಅಲ್ ಕಾಮಿಲರ ಪಾಳೆಯಕ್ಕೆ ಹೋದರು. ಸುಲ್ತಾನರು ಅವರ ಮಾತು ಕೇಳಿದರು, ಕ್ಷೇಮವಾಗಿ ಹಿಂದಕ್ಕೆ ಕಳಿಸಿದರು. ಇಬ್ಬರೂ ತಮ್ಮ ಧರ್ಮ ಬಿಡಲಿಲ್ಲ.

ಕನ್ನಡ ನಾಡಿನಲ್ಲಿಯೂ ಇಂಥ ಪಾದ್ರಿಗಳಿದ್ದರು. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಸಂನ್ಯಾಸಿಯ ಬಟ್ಟೆ ತೊಟ್ಟರು, ಸಂನ್ಯಾಸಿಯಂತೆಯೇ ಬದುಕಿದರು, ಕನ್ನಡ ಕಲಿತು ಕನ್ನಡದಲ್ಲಿ ಧರ್ಮಬೋಧೆ ಬರೆದರು. ಅದು ಜನರನ್ನು ಸೆಳೆಯುವ ವೇಷವೋ, ನಿಜವಾದ ವ್ರತವೋ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ವರ್ಷಗಟ್ಟಲೆ ಹಾಗೆ ಬದುಕಿದವರ ಮೇಲೆ ಆ ಬದುಕು ತನ್ನ ಗುರುತು ಉಳಿಸದೆ ಇದ್ದೀತೆ?

ಮಿಷನರಿಗಳೆಲ್ಲ ಹೀಗಿದ್ದರು ಎಂದು ನಾನು ಹೇಳುತ್ತಿಲ್ಲ. ಬಂಗಲೆ, ಆಳುಕಾಳು ಇಟ್ಟುಕೊಂಡವರೂ ಇದ್ದರು. ಹಾಗೆ ನೋಡಿದರೆ ನಮ್ಮ ದರ್ಗಾ, ಮಠಗಳಿಗೆ ಇನಾಮು ಜಮೀನು ಸೇರಿದ ಮೇಲೆ ಅಲ್ಲಿಯೂ ಫಕೀರಿ ಎಷ್ಟು ಉಳಿಯಿತು?

ಇನ್ನೊಂದು ಮಾತನ್ನೂ ಹೇಳಬೇಕು. ಉರ್ದುವಿನಲ್ಲಿ ಎರಡು ಶಬ್ದಗಳಿವೆ. ದೇವರಿಗಾಗಿ ತಾನೇ ಒಪ್ಪಿಕೊಂಡ ಬಡತನಕ್ಕೆ ಸೂಫಿಗಳು ಫಕ್ರ್ ಎನ್ನುತ್ತಾರೆ. ಹಸಿದು ಮಲಗುವುದು ಫಾಕಾ. ಕಿವಿಗೆ ಹತ್ತಿರವಾದರೂ ಎರಡರ ನಡುವೆ ಬಹಳ ದೂರವಿದೆ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಅವರ ಬಳಿಯೂ ಸಾಮಾನು ಕಡಿಮೆ. ಆದರೆ ಅದನ್ನು ಅವರು ಆರಿಸಿಕೊಂಡದ್ದಲ್ಲ. ಅವರಿಗೆ ಸರಳತೆಯ ಪಾಠ ಹೇಳುವುದು ಅಧರ್ಮ.

ಈ ಸೀಮೆಯಲ್ಲಿ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಸ್ವಂತ ಹೊಲವಿಲ್ಲದ ದಲಿತ ಕೇರಿಗಳವರು. ಅವರಿಗೆ ಬಿಡುವುದಕ್ಕೆ ಏನಿತ್ತು? ಮಗುವಿನ ಕೈಗೊಂದು ಪಾಟಿ, ಜ್ವರಕ್ಕೆ ಔಷಧಿ, ಎಲ್ಲರ ಸಮಕ್ಕೆ ಕೂಡಲು ಒಂದು ಜಾಗ ಸಿಕ್ಕಿದಾಗ ಅವರ ನಂಬಿಕೆ ಬೇರುಬಿಟ್ಟಿತು. ಒಬ್ಬರು ಬಿಟ್ಟದ್ದು ಇನ್ನೊಬ್ಬರ ಕೈಗೆ ತಲುಪಿದಾಗಲೇ ಆ ಬಿಡುವಿಕೆಗೆ ಅರ್ಥ. ವೆಸ್ಲಿಯ ಲೆಕ್ಕದಲ್ಲಿ ನನಗೆ ದೊಡ್ಡದಾಗಿ ಕಾಣುವುದು ತನಗಾಗಿ ಇಟ್ಟುಕೊಂಡ 28 ಪೌಂಡಲ್ಲ, ಬಡವರ ಮನೆಗೆ ಹೋದ 92 ಪೌಂಡು. ನಮ್ಮ ನಮ್ಮ ಮನೆಯ ಲೆಕ್ಕದಲ್ಲಿ ಆ ಎರಡನೆಯ ಅಂಕಿ ಎಷ್ಟು?