144 ಗಂಟೆಯ ಲೆಕ್ಕ

ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ವಾರಕ್ಕೆ ಸರಾಸರಿ 36 ಗಂಟೆ ಕೆಲಸ ಸಾಕು ಅಂತ ನಮ್ಮ ದೇಶದಲ್ಲಿ ಕಾನೂನು ಬಂದು 70 ವರ್ಷ ದಾಟಿತು ಅಂದರೆ ನಂಬುತ್ತೀರಾ? 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ಪ್ರಕಾರ ನಾಲ್ಕು ವಾರಕ್ಕೆ 144 ಗಂಟೆ ಮೀರುವಂತಿಲ್ಲ. ಏಳು ದಿನದಲ್ಲಿ ಒಂದು ಇಡೀ ದಿನ ರಜೆ. ಬ್ಯಾಂಕಿನವನಾದ ನನಗೆ ಅಂಕಿ ಕಂಡರೆ ಕೂಡಿ ಕಳೆಯುವ ಚಾಳಿ. ಹಾಗಾಗಿ ಈ 144ರ ಬೆನ್ನು ಹತ್ತಿದೆ.

ಅದಕ್ಕೂ ಮೊದಲು ಈ ವೃತ್ತಿ ಹೇಗಿತ್ತು ಅನ್ನುವುದಕ್ಕೆ ನಮ್ಮ ಹೈದರಾಬಾದಿನಲ್ಲೇ ಒಂದು ಕಥೆಯಿದೆ. ಕನ್ನಡ ಸಾಹಿತ್ಯ ಮಂದಿರದಿಂದಾಗಿ ಕಾಚಿಗುಡ ನಮ್ಮವರಿಗೆಲ್ಲ ಗೊತ್ತು. ಅದೇ ಕಾಚಿಗುಡದ ಕಡೆಯಿಂದಲೇ ಶೋಯೆಬುಲ್ಲಾ ಖಾನ್ 'ಇಮ್ರೋಜ್' ಎಂಬ ಉರ್ದು ದಿನಪತ್ರಿಕೆ ತರುತ್ತಿದ್ದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ರಜಾಕಾರರ ಎದುರೇ ಬರೆದರು. 1948ರ ಆಗಸ್ಟ್ 21ರ ರಾತ್ರಿ ಪತ್ರಿಕೆಯ ಕೆಲಸ ಮುಗಿಸಿ ಬಾಮೈದನ ಜೊತೆ ಮನೆಗೆ ಹೊರಟವರ ಮೇಲೆ ದಾರಿಯಲ್ಲಿ ದಾಳಿಯಾಯಿತು. ಅವರು ಉಳಿಯಲಿಲ್ಲ. ಇನ್ನೂ ಮೂವತ್ತು ದಾಟಿರದ ಮನುಷ್ಯ. ನಾಲ್ಕೇ ವಾರಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ರಾಯಚೂರು, ಕಲಬುರಗಿ, ಬೀದರಿನ ನಮ್ಮವರೂ ಅದರಿಂದ ಹೊರಬಂದರು.

ಒಂದು ಮಾತು ಗಮನಿಸಿ. ಆ ಹೊರೆಯನ್ನು ಅವರು ತಾವೇ ಹೊತ್ತರು, ಅವರ ಮೇಲೆ ಯಾರೂ ಹೊರಿಸಲಿಲ್ಲ. ತಾನಾಗಿ ಮಾಡಿದ ತ್ಯಾಗವೇ ಬೇರೆ, ಸಂಬಳ ಕೊಡುವವರು ಕೇಳಿ ಪಡೆಯುವ ತ್ಯಾಗವೇ ಬೇರೆ.

1950ರಲ್ಲಿ ಪತ್ರಕರ್ತರ ಅಖಿಲ ಭಾರತ ಒಕ್ಕೂಟ ಹುಟ್ಟಿತು. ಮೊದಲ ಅಧ್ಯಕ್ಷರು ಎಂ. ಚಲಪತಿ ರಾವ್, ತೆಲುಗಿನವರು, 'ನ್ಯಾಷನಲ್ ಹೆರಾಲ್ಡ್' ಸಂಪಾದಕರು. ಸ್ವತಃ ಸಂಪಾದಕರಾಗಿದ್ದವರು ಕೈಕೆಳಗಿನವರ ಸಂಘಕ್ಕೆ ಮುಂದಾಳಾದರು, ನೋಡಿ! 1952ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷ ಅವರ ನೇತೃತ್ವದಲ್ಲಿ ಪತ್ರಿಕಾ ಆಯೋಗ ಕೂತಾಗ ಅದರಲ್ಲೂ ಇವರಿದ್ದರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದ ವಿ.ಕೆ.ಆರ್.ವಿ. ರಾವ್ ಕೂಡ ಸದಸ್ಯರು. 1954ರಲ್ಲಿ ವರದಿ ಬಂತು, ಮರುವರ್ಷ ಕಾಯ್ದೆಯಾಯಿತು. ಮಾಲೀಕರು ಸುಮ್ಮನಿರುತ್ತಾರೆಯೇ? ಇದು ಪತ್ರಿಕಾ ಸ್ವಾತಂತ್ರ್ಯಕ್ಕೇ ಧಕ್ಕೆ ಎಂದು ಸುಪ್ರೀಂ ಕೋರ್ಟಿಗೆ ಹೋದರು. 1958ರಲ್ಲಿ ಕೋರ್ಟು ವೇತನ ಮಂಡಳಿಯ ತೀರ್ಮಾನವನ್ನು ರದ್ದು ಮಾಡಿತು, ಆದರೆ 144 ಗಂಟೆಯ ಮಿತಿ ಉಳಿಯಿತು.

1957ರ ನಿಯಮಗಳಲ್ಲಿ ಇನ್ನೂ ಸೂಕ್ಷ್ಮವಿದೆ. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಹಗಲು ಪಾಳಿ ಆರು ಗಂಟೆ, ರಾತ್ರಿ ಪಾಳಿ ಐದೂವರೆ ಗಂಟೆ. ಒಂದು ವಾರಕ್ಕಿಂತ ಹೆಚ್ಚು ಸತತವಾಗಿ ರಾತ್ರಿ ಪಾಳಿ ಕೂಡದು. ವರದಿಗಾರರಿಗೆ ಮಾತ್ರ ಲೆಕ್ಕ ಬೇರೆ. ಕೆಲಸಕ್ಕಿಳಿದರೆ ಆ ದಿನ ವಹಿಸಿದ್ದೆಲ್ಲ ಮುಗಿಯುವ ತನಕ ಡ್ಯೂಟಿಯಲ್ಲೇ ಇದ್ದಂತೆ. ಹಾಗಾದರೂ ಅದು ಡ್ಯೂಟಿ ಎಂದು ಒಪ್ಪಿಕೊಂಡಿದ್ದರಲ್ಲ, ಅದು ಮುಖ್ಯ.

ಕಾಲ ಬದಲಾಯಿತು. 1998ರ ನವೆಂಬರಿನಲ್ಲಿ ವಾಜಪೇಯಿ ಇಲ್ಲಿ ಸೈಬರ್ ಟವರ್ಸ್ ಉದ್ಘಾಟಿಸಿದರು. 2010ರಲ್ಲಿ ಫೇಸ್‌ಬುಕ್ ಭಾರತದ ತನ್ನ ಮೊದಲ ಕಚೇರಿಯನ್ನು ಹೈದರಾಬಾದಿನಲ್ಲೇ ತೆರೆಯಿತು. 2019ರಲ್ಲಿ ರಾಯಿಟರ್ಸ್ ಒಂದು ವರದಿ ಮಾಡಿತು: ಫೇಸ್‌ಬುಕ್ಕಿಗಾಗಿ ಇಲ್ಲಿನ ಗುತ್ತಿಗೆ ಕಂಪನಿಯಲ್ಲಿ ಕೂತು ಹಿಂಸೆ, ಹೊಲಸು ತುಂಬಿದ ಪೋಸ್ಟುಗಳನ್ನು ಸೋಸುವ ಹುಡುಗರು ಕೆಲಸ ಜಾಸ್ತಿಯಿದ್ದ ದಿನ ಎಂಟು ಗಂಟೆಯಲ್ಲಿ 2,000 ಪೋಸ್ಟು ನೋಡುತ್ತಿದ್ದರಂತೆ. ಭಾಗಿಸಿದರೆ ಒಂದಕ್ಕೆ 14 ಸೆಕೆಂಡು. ಪಾಳಿ ಎಂಟೇ ಗಂಟೆ, ನಿಜ. ಕಂಡದ್ದು ಕಣ್ಣಿನಿಂದ ಹೋಗಲು ಎಷ್ಟು ಗಂಟೆ ಬೇಕು?

ಇನ್ನು ಕಂಪನಿಗಳ ಪ್ರಚಾರ, ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರ ಪಾಡು. ನನ್ನ ಅಕ್ಕನ ಮಗಳು ಇದೇ ಕೆಲಸದಲ್ಲಿದ್ದಾಳೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಬಾಸ್ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾಕು, ಊಟದ ತಟ್ಟೆ ಬಿಟ್ಟು ಏಳುತ್ತಾಳೆ. "ಎರಡೇ ನಿಮಿಷ ಮಾಮ" ಅನ್ನುತ್ತಾಳೆ. ವಾರಕ್ಕೆ ಒಟ್ಟು ಎಷ್ಟಾಯಿತಮ್ಮ ಅಂದರೆ ಅವಳ ಬಳಿ ಉತ್ತರವಿಲ್ಲ. ಈ ಎರಡೆರಡು ನಿಮಿಷಗಳು ಯಾವ ಖಾತೆಗೂ ಜಮಾ ಆಗುವುದಿಲ್ಲ. ಖರ್ಚು ಮಾತ್ರ ಅವಳ ನಿದ್ದೆಯದು.

ದೊಡ್ಡವರ ಮಾತು ಕೇಳಿದ್ದೀರಿ. 2023ರಲ್ಲಿ ನಮ್ಮ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿಯ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಸುದ್ದಿಯಾಯಿತು. 36ರ ಎದುರಿಗೆ ಇಟ್ಟರೆ ಅದು ಎರಡೂವರೆ ಪಟ್ಟು. ಅದೇ ವರ್ಷ ಜುಲೈಯಲ್ಲಿ ತೆಲಂಗಾಣ ಸರ್ಕಾರ ವಾಣಿಜ್ಯ ಸಂಸ್ಥೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 48 ಗಂಟೆ ಎಂದು ಆದೇಶ ಹೊರಡಿಸಿತು. ಮೂರು ತಿಂಗಳಿಗೆ ಓವರ್‌ಟೈಮ್ ಎಷ್ಟು ಮೀರಬಾರದು ಗೊತ್ತೇ? 144 ಗಂಟೆ! ಅಂದು ನಾಲ್ಕು ವಾರದ ಇಡೀ ದುಡಿಮೆಗೆ ಹಾಕಿದ ಮಿತಿಯ ಅಂಕಿ ಇಂದು ಹೆಚ್ಚುವರಿ ದುಡಿಮೆಯ ಲೆಕ್ಕಕ್ಕೆ ಬಂದು ಕೂತಿದೆ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಬಂದು 1955ರ ಕಾಯ್ದೆ ಅವುಗಳಲ್ಲಿ ಸೇರಿಹೋಯಿತು. ಪತ್ರಕರ್ತರಿಗೆ 144 ಅಲ್ಲೂ ಉಳಿದಿದೆ. ಆದರೆ ಕಂಪನಿಯ ಪುಟಕ್ಕೆ ಬರೆಯುವ ಹುಡುಗಿ ಕಾನೂನಿನ ಕಣ್ಣಿಗೆ ಪತ್ರಕರ್ತೆಯಲ್ಲ.

ಫ್ರಾನ್ಸಿನಲ್ಲಿ 2017ರಿಂದ ಕೆಲಸ ಮುಗಿದ ಮೇಲೆ ಫೋನು ಮುಟ್ಟದಿರುವ ಹಕ್ಕು ಕಾನೂನಿನಲ್ಲಿದೆ. ನಮ್ಮಲ್ಲಿ 2018ರಲ್ಲಿ ಸುಪ್ರಿಯಾ ಸುಳೆ ಇಂಥದ್ದೇ ಖಾಸಗಿ ಮಸೂದೆ ಮಂಡಿಸಿದರು, ಅದು ಕಾನೂನಾಗಲಿಲ್ಲ. ಅಲ್ಲಿಯ ತನಕ ಏನು? ಇಪ್ಪತ್ತು ಜನರ ಮೇಲೆ ಅಧಿಕಾರವಿರುವ ಯಾರೇ ಆಗಲಿ, ಎರಡು ಕೆಲಸ ಮಾಡಬಹುದು. ರಾತ್ರಿ ತೋಚಿದ್ದನ್ನು ಬರೆದಿಟ್ಟುಕೊಂಡು ಬೆಳಿಗ್ಗೆ ಕಳಿಸುವುದು. ರಾತ್ರಿ ಕಳಿಸಲೇಬೇಕಾದರೆ ಆ ಎರಡು ನಿಮಿಷವನ್ನೂ ಡ್ಯೂಟಿಯ ಲೆಕ್ಕಕ್ಕೆ ಬರೆಯುವುದು. ಚಲಪತಿ ರಾವ್ ಸಂಪಾದಕರ ಕುರ್ಚಿಯಲ್ಲಿ ಕೂತೇ ಕೈಕೆಳಗಿನವರ ಗಂಟೆ ಎಣಿಸಿದರು. ಮುಂದಾಳುತನ ಅಂದರೆ ನನ್ನ ಲೆಕ್ಕದಲ್ಲಿ ಅಷ್ಟೇ. ನೀವೇನಂತೀರಿ?