ರಾಣಿ ವೇಷ (ಮಧುಗಿರಿ–ಶಿರಾ ಸೀಮೆ)

ರಾಣಿ ವೇಷ : ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲೂ ನೆರೆಯ ಗಡಿಯಲ್ಲೂ ಗುಡಿಯ ಚಿತ್ರಗಳು ಮತ್ತು ಪೌರಾಣಿಕ ನಾಟಕಗಳು ರಾಜಸ್ತ್ರೀಯರಿಗೆ ತೊಡಿಸುತ್ತ ಬಂದ ಉಡುಗೆ-ತೊಡುಗೆ. ಇಲ್ಲಿನ ರಾಣಿಯರು ಹೆಚ್ಚಾಗಿ ದ್ರೌಪದಿ, ಕುಂತಿ, ಗಾಂಧಾರಿಯಂಥ ಪುರಾಣದವರು. ಯಾರೂ ಕಣ್ಣಾರೆ ಕಾಣದ ರಾಣಿಗೆ ಏನು ಉಡಿಸುವುದು? ಪ್ರತಿ ತಲೆಮಾರೂ ತನ್ನ ಕಾಲದ ಬಟ್ಟೆಯನ್ನೇ ಉಡಿಸಿದೆ.

ಹಳೆಯ ಮಾದರಿ ಲೇಪಾಕ್ಷಿಯದು. ಮಧುಗಿರಿ ಕಡೆಯಿಂದ ಹಿಂದೂಪುರ ದಾಟಿದರೆ ಸಿಗುವ ಈ ಊರು ಈಗ ಆಂಧ್ರದ್ದಾದರೂ ಅಲ್ಲಿನ ಶಾಸನಗಳು ಹೆಚ್ಚಾಗಿ ಕನ್ನಡದವು. 16ನೇ ಶತಮಾನದಲ್ಲಿ ವಿಜಯನಗರದ ಅಧಿಕಾರಿ ವಿರೂಪಣ್ಣ ಕಟ್ಟಿಸಿದ ವೀರಭದ್ರ ಗುಡಿಯ ಮೇಲ್ಛಾವಣಿಯಲ್ಲಿ ಪಾರ್ವತಿಯ ಮದುವೆ, ದ್ರೌಪದಿಯ ಸ್ವಯಂವರ ಚಿತ್ರಿತವಾಗಿವೆ. ಕಾವಿ ನೆಲ, ಕಪ್ಪು ಗೆರೆ. ಗಂಡಸರ ತಲೆಗೆ ಉದ್ದನೆಯ ಕುಲ್ಲಾಯಿ; ಹೆಂಗಸರಿಗೆ ದೊಡ್ಡ ತುರುಬು, ಚೌಕಳಿ, ಪಟ್ಟೆ, ಹೂಬಳ್ಳಿಗಳ ಸೀರೆ. ಒಬ್ಬರ ಸೆರಗು ಇನ್ನೊಬ್ಬರಿಗಿಲ್ಲ. ಮುಖಗಳಿಗಿಂತ ಸೀರೆಗಳನ್ನೇ ಚಿತ್ರಕಾರ ಹೆಚ್ಚು ಅಕ್ಕರೆಯಿಂದ ಬರೆದಂತಿದೆ. ಆ ವಿನ್ಯಾಸಗಳು ಈಗ ಮತ್ತೆ ಸೀರೆಗಳಿಗೆ ಇಳಿದಿವೆ.

   

ತುಮಕೂರು–ಶಿರಾ ಹೆದ್ದಾರಿಯ ಸೀಬಿಯಲ್ಲಿ ನರಸಿಂಹ ಗುಡಿಯ ಮುಖಮಂಟಪದ ಛಾವಣಿಯಲ್ಲೂ ಪುರಾಣ ಕಥೆಗಳ ಜೊತೆ ದರ್ಬಾರಿನ ದೃಶ್ಯಗಳಿವೆ. 1687ರಿಂದ ಶಿರಾ ಮೊಗಲರ ಸುಬಾದ ಕೇಂದ್ರವಾಗಿದ್ದುದನ್ನು ನೆನೆದರೆ ದರ್ಬಾರಿನ ಠೀವಿ ಈ ಸೀಮೆಗೆ ಹೊಸದಲ್ಲ.

19ನೇ ಶತಮಾನದ ಕೊನೆಗೆ ಎರಡು ಕಡೆಯಿಂದ ಹೊಸ ಗಾಳಿ ಬೀಸಿತು. ರಾಜಾ ರವಿವರ್ಮನ ಅಚ್ಚಿನ ಪಟಗಳು ಮನೆಮನೆಯ ಗೋಡೆಗೆ ಬಂದು ದೇವಿಗೂ ರಾಣಿಗೂ ಒಂದೇ ಬಗೆಯ ಜರಿಸೀರೆ ಉಡಿಸಿದವು. ಪಾರ್ಸಿ ನಾಟಕ ಕಂಪನಿಗಳಿಂದ ಮಕಮಲ್ಲು, ಚಮಕಿ, ಬಣ್ಣದ ಪರದೆ ಬಂದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಅದರಲ್ಲೂ ಗುಬ್ಬಿ ವೀರಣ್ಣ (1891–1972), ಈ ವೈಭವವನ್ನು ಹಳ್ಳಿಯ ಕಣ್ಣಿಗೂ ತೋರಿಸಿದರು. ಅವರ 'ಕುರುಕ್ಷೇತ್ರ'ದಲ್ಲಿ ಆನೆ, ಕುದುರೆಗಳೇ ರಂಗಕ್ಕೆ ಬಂದವು.

ಆನೆ ಹಳ್ಳಿಗೆ ಬರಲಿಲ್ಲ, ನಾಟಕ ಬಂತು. ಇವತ್ತಿಗೂ ಈ ಸೀಮೆಯ ಊರುಗಳಲ್ಲಿ ರೈತರು, ಮೇಷ್ಟ್ರುಗಳು ತಿಂಗಳುಗಟ್ಟಲೆ ಹಾರ್ಮೋನಿಯಂ ಮುಂದೆ ಕಂದಪದ್ಯ ಕಲಿತು ರಾತ್ರಿಯಿಡೀ 'ಕುರುಕ್ಷೇತ್ರ' ಆಡುತ್ತಾರೆ. ಪರದೆ, ಕಿರೀಟ, ಗದೆ, ಭುಜಕೀರ್ತಿಗಳು 'ಡ್ರಾಮಾ ಸೀನರಿ'ಯವರಿಂದ ಬಾಡಿಗೆಗೆ ಬರುತ್ತವೆ. ಹಿಂದೆ ಗಂಡಸರೇ ಕಟ್ಟುತ್ತಿದ್ದ ಸ್ತ್ರೀಪಾತ್ರಕ್ಕೆ ಈಗ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಕರೆಸುವುದೇ ರೂಢಿ. ದುರ್ಯೋಧನ ಬಾಡಿಗೆಯ ಮಕಮಲ್ಲಿನಲ್ಲಿ ಬೆವರುವಾಗ ದ್ರೌಪದಿ ಸಾಮಾನ್ಯವಾಗಿ ಈ ಕಾಲದ ಜರಿಸೀರೆ, ಡಾಬು, ವಂಕಿಗಳಲ್ಲೇ ಬರುತ್ತಾಳೆ. ಬೆಳಗಿನ ಜಾವ ಕಿರೀಟಗಳು ಸೀನರಿಯವರ ಟ್ರಂಕು ಸೇರುತ್ತವೆ. ಅವಳ ಸೀರೆ ಅವಳ ಬ್ಯಾಗಿನಲ್ಲೇ ಮುಂದಿನ ಊರಿಗೆ ಹೊರಡುತ್ತದೆ.